ತೋಳನ ಕಣ್ಣಿನ ಗುರುತು

ಆಷಾಢದ ಮಳೆ ಜಡಿದು ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಸಿದ್ದಾಪುರ ಸೀಮೆಯ ನನ್ನ ತವರುಮನೆಯ ಮೆತ್ತಿನ ಮೇಲೆ, ಬಳಕೆ ತಪ್ಪಿದ ತಾಮ್ರದ ಕೊಡಗಳಿಗೂ ಹಳೆಯ ಕಂಬಳಿಗಳಿಗೂ ನಡುವೆ ಇಟ್ಟು ಮರೆತಿದ್ದ ತಗಡಿನ ಪೆಟ್ಟಿಗೆಯೊಂದನ್ನು ತೆರೆದಾಗ, ಹದಿನೇಳರ ವಯಸ್ಸಿನಲ್ಲಿ ನಾನು ಎದೆಗವಚಿಕೊಂಡು ಓದಿದ್ದ ಮೂರು ಇಂಗ್ಲಿಷ್ ಕಾದಂಬರಿಗಳು ಕೈಗೆ ಬಂದವು. ರಟ್ಟಿಗೆ ಬೂಸಲು ಹಿಡಿದಿದ್ದಿತು. ಬೆನ್ನಿನ ಅಂಟನ್ನು ಹುಳ ತಿಂದು ಪುಟಗಳು ಕಂತೆಕಂತೆಯಾಗಿ ಕಳಚಿದ್ದವು. ಆದರೂ ಮೊದಲ ಸಂಪುಟವನ್ನು ಬಿಡಿಸಿದೊಡನೆ, ಅಮೆರಿಕದಿಂದ ಬಂದ ಆ ಪ್ರತಿಯ ವಿಶೇಷವಾಗಿದ್ದ ನೀಲಿ ಶಾಯಿಯ ಅಕ್ಷರಗಳು, ಇಷ್ಟು ಮಳೆಗಾಲಗಳು ಕಳೆದ ಮೇಲೆಯೂ ಮಾಸದೆ ಉಳಿದಿದ್ದುದನ್ನು ಕಂಡು ಮನಸ್ಸು ತುಂಬಿ ಬಂದಿತು. ಪೆಟ್ಟಿಗೆಯನ್ನು ಯಲ್ಲಾಪುರದ ಮನೆಗೆ ತಂದು, ಪುಟಗಳನ್ನು ಒಲೆಯ ಕಾವಿನಲ್ಲಿ ಆರಿಸಿ, ಹದಿನಾಲ್ಕು ವರ್ಷಗಳ ತರುವಾಯ ಆ ಸರಣಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದೆನು. ಆ ಮರುಓದಿನಲ್ಲಿ ಏನು ಉಳಿಯಿತು, ಏನು ಕಳಚಿ ಬಿದ್ದಿತು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಮ್ಯಾಗಿ ಸ್ಟೀಫ್‌ವಾಟರ್ ಎಂಬ ಲೇಖಕಿಯ 'ಶಿವರ್', 'ಲಿಂಗರ್', 'ಫಾರೆವರ್' ಎಂಬ ಈ ಕಾದಂಬರಿಗಳು ಕ್ರಮವಾಗಿ 2009, 2010 ಮತ್ತು 2011ರಲ್ಲಿ ಹೊರಬಂದವು. ಅದಕ್ಕೆ ಸ್ವಲ್ಪ ಮುಂಚೆ, 2005ರಿಂದ 2008ರವರೆಗೆ ಪ್ರಕಟವಾದ 'ಟ್ವೈಲೈಟ್' ಸರಣಿಯು ರಕ್ತಪಿಪಾಸುಗಳನ್ನೂ ತೋಳಮಾನವರನ್ನೂ ಲೋಕದ ಹದಿಹರೆಯದ ಹುಡುಗಿಯರ ಕನಸಿನೊಳಕ್ಕೆ ತಂದು ಬಿಟ್ಟಿದ್ದಿತು. ಶಿರಸಿಯ ಕಾಲೇಜಿನಲ್ಲಿ ಓದುತ್ತಿದ್ದ ನಾವೂ ಆ ಕನಸಿನಿಂದ ಹೊರಗುಳಿದವರಲ್ಲ. ಆದರೆ ಸ್ಟೀಫ್‌ವಾಟರಳ ಕಥೆ ಬೇರೆಯ ಹದದ್ದು. ಮಿನ್ನೆಸೋಟಾ ಸಂಸ್ಥಾನದಲ್ಲಿ ಅವಳು ಕಲ್ಪಿಸಿಕೊಂಡ ಮರ್ಸಿ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ, ಗ್ರೇಸ್ ಎಂಬ ಹನ್ನೊಂದು ವರ್ಷದ ಹುಡುಗಿಯನ್ನು ಮನೆಯ ಹಿತ್ತಿಲಿನ ಉಯ್ಯಾಲೆಯಿಂದ ತೋಳಗಳ ಹಿಂಡು ಎಳೆದೊಯ್ಯುತ್ತದೆ. ಆ ಹಿಂಡಿನಲ್ಲಿಯೇ ಇದ್ದ ಹಳದಿ ಕಣ್ಣಿನದೊಂದು ತೋಳ ಅವಳನ್ನು ಉಳಿಸುತ್ತದೆ. ಅಲ್ಲಿಂದ ಮುಂದೆ ಪ್ರತಿ ಚಳಿಗಾಲವೂ ಅವಳು ಹಿತ್ತಿಲಿನಂಚಿಗೆ ಬಂದು ನಿಲ್ಲುವ ಆ ಕಣ್ಣುಗಳಿಗಾಗಿ ಕಾಯುತ್ತಾಳೆ. ಆ ತೋಳವೇ ಸ್ಯಾಮ್ ಎಂಬ ಹುಡುಗ. ಬೇಸಗೆಯಲ್ಲಿ ಅವನು ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವ, ಜರ್ಮನ್ ಕವಿ ರಿಲ್ಕೆಯನ್ನು ಓದುವ ಮನುಷ್ಯ. ಚಳಿ ಮೈಗೆ ತಾಕಿತೆಂದರೆ ತೋಳ. ವರ್ಷದಿಂದ ವರ್ಷಕ್ಕೆ ಮನುಷ್ಯನಾಗಿರುವ ಅವಧಿ ಕಿರಿದಾಗುತ್ತ ಹೋಗಿ, ಕಡೆಗೊಂದು ಬೇಸಗೆಯಲ್ಲಿ ಅವನು ಮರಳಿ ಬರುವುದೇ ಇಲ್ಲ; ಇದು ಆ ಹಿಂಡಿನವರೆಲ್ಲರ ಹಣೆಬರಹ. ಕಥೆ ಆರಂಭವಾಗುವಾಗ ಸ್ಯಾಮನಿಗೆ ಉಳಿದಿರುವುದು ಅಂಥ ಕೊನೆಯ ಅವಧಿ.

ಯುರೋಪಿನ ಹಳೆಯ ಐತಿಹ್ಯಗಳಿಗೆ ಅಂಟಿಕೊಂಡು ಬಂದ ಹುಣ್ಣಿಮೆಯ ಚಂದ್ರನನ್ನು ತೆಗೆದುಹಾಕಿ ಅವನ ಸ್ಥಾನದಲ್ಲಿ ಚಳಿಯನ್ನು ಇರಿಸಿದುದು ಈ ಲೇಖಕಿಯ ನಿಜವಾದ ಪ್ರತಿಭಾವ್ಯಾಪಾರವೆಂದು ನಾನು ಈಗಲೂ ಹೇಳುತ್ತೇನೆ. ಮೊದಲ ಸಂಪುಟದ ಪ್ರತಿಯೊಂದು ಅಧ್ಯಾಯದ ತಲೆಯ ಮೇಲೂ ಮಾತಾಡುವವರ ಹೆಸರಿನ ಪಕ್ಕದಲ್ಲಿ ಆ ಹೊತ್ತಿನ ಉಷ್ಣತೆಯನ್ನು ಫ್ಯಾರನ್‌ಹೀಟಿನ ಅಂಕೆಯಲ್ಲಿ ನಮೂದಿಸಲಾಗಿದೆ. ಮೊದಲಿಗೆ ಅಲಂಕಾರವೆಂದು ತೋರುವ ಆ ಅಂಕೆ, ಪುಟಗಳು ಮಗುಚಿದಂತೆ, ಕಥೆಯ ನಾಡಿಯೇ ಆಗಿಬಿಡುತ್ತದೆ. ಓದುಗನು ಅಧ್ಯಾಯವನ್ನು ಪ್ರವೇಶಿಸುವ ಮುನ್ನ ಅಂಕೆಯನ್ನು ನೋಡುತ್ತಾನೆ, ಅದು ಇಳಿದಿದ್ದರೆ ಎದೆ ಝಲ್ಲೆನ್ನುತ್ತದೆ, ಏರಿದ್ದರೆ ಉಸಿರು ಹಗುರಾಗುತ್ತದೆ. ತೆರೆದಿಟ್ಟ ಒಂದು ಕಿಟಕಿ, ಕೆಟ್ಟು ನಿಂತ ಒಂದು ಕಾರು, ಒದ್ದೆಯಾದ ಒಂದು ಅಂಗಿ, ಇಷ್ಟರಿಂದಲೇ ಒಬ್ಬ ಮನುಷ್ಯನು ಮಾತನ್ನು ಕಳೆದುಕೊಳ್ಳಬಹುದೆಂಬ ಭೀತಿಯನ್ನು ಹುಟ್ಟಿಸುವುದಕ್ಕೆ ಭೂತ ಬೇತಾಳಗಳ ಸನ್ನಾಹವೇ ಅವಳಿಗೆ ಬೇಕಾಗಿಲ್ಲ. ಹದಿನೇಳರಲ್ಲಿ ನಾನು ಈ ಯುಕ್ತಿಯನ್ನು ಗಮನಿಸಿಯೇ ಇರಲಿಲ್ಲ. ಅಂಕೆಗಳನ್ನು ದಾಟಿಕೊಂಡು, ಅವರಿಬ್ಬರೂ ಮುಂದೆ ಯಾವಾಗ ಕೂಡುವರೋ ಎಂದು ಓಡಿಬಿಟ್ಟಿದ್ದೆನು. ಆಗ ಕಣ್ಣೀರು ಬರಿಸಿದ್ದ ಪ್ರಣಯದ ಸಂಭಾಷಣೆಗಳು ಈಗ ತೀರ ಸಿಹಿಯೆನಿಸಿದವು. ಗ್ರೇಸ್ ಮತ್ತು ಸ್ಯಾಮ್ ಸರದಿಯ ಮೇಲೆ ಕಥೆ ಹೇಳುತ್ತಾರಾದರೂ ಇಬ್ಬರ ದನಿಯೂ ಒಂದೇ ಆಗಿದ್ದು, ಹೆಸರನ್ನು ಮುಚ್ಚಿ ಓದಿದರೆ ಯಾರ ಮಾತು ಯಾರದೆಂದು ತಿಳಿಯದು. ಆದರೆ ಆ ಅಂಕೆಗಳು ಮಾತ್ರ ಈಗ ಕೈಹಿಡಿದು ನಿಲ್ಲಿಸಿದವು.

ಮೊದಲ ಓದಿನ ಸನ್ನಿವೇಶವನ್ನು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ಅರ್ಥವಾಗದು. ಕೊನೆಕೊಯ್ಲಿನ ದಿನಗಳು. ಅಂಗಳದ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದಿತು. ತೊಗರಿನ ಒಗರು ವಾಸನೆ ಜಗಲಿಯವರೆಗೂ ಹಬ್ಬಿದ್ದಿತು. ರಾತ್ರಿಯ ಊಟ ತೀರಿಸಿ ಆಚೀಚೆಯ ಮನೆಗಳವರೆಲ್ಲ ಸುಲಿಯುವುದಕ್ಕೆ ಕುಳಿತರೆ, ಮೆಟ್ಟುಗತ್ತಿಯ ಅಲಗಿಗೆ ಹಸಿ ಅಡಿಕೆ ತಾಗಿ ಸಿಪ್ಪೆ ಸೀಳುವ ಸದ್ದಿನ ನಡುವೆ ಊರಿನ ಕಥೆಗಳೆಲ್ಲ ಹೊರಬರುತ್ತಿದ್ದವು. ಅಮೆರಿಕದಲ್ಲಿದ್ದ ಅತ್ತೆಯ ಮಗಳು ಬಿಟ್ಟುಹೋದ ಪುಸ್ತಕವನ್ನು ಕಂಬಕ್ಕೊರಗಿ ಕುಳಿತು ಓದುತ್ತಿದ್ದ ನನ್ನನ್ನು ಅಜ್ಜಿ ಕೇಳಿದಳು.

"ಎಂತ ಕಥೆನೆ ಅದು, ಕೂಸೆ?"

ತೋಳ ಆಗುವ ಮಾಣಿಯ ಕಥೆಯೆಂದು ಹೇಳಿದೆನು. ಅಜ್ಜಿ ಕೈಯನ್ನು ನಿಲ್ಲಿಸದೆಯೇ ಇನ್ನೊಂದು ಪ್ರಶ್ನೆ ಹಾಕಿದಳು.

"ಅಂವ ತೋಳ ಆಗಿಪ್ಪಾಗ ಹೊಟ್ಟೆಗೆ ಎಂತ ಮಾಡ್ತ? ಯಾರ ಮನೆ ಕರ ಹೋತು?"

ಆಗ ನನಗೆ ಉತ್ತರ ತೋಚಲಿಲ್ಲ. ಆ ಪ್ರಶ್ನೆ ಪ್ರೇಮಕಥೆಗೆ ಸಲ್ಲದ್ದೆಂದು ಮುನಿಸೂ ಬಂದಿತ್ತು. ಅಜ್ಜಿ ಆ ರಾತ್ರಿಯೇ ನಮ್ಮ ಕಡೆಯ ಕಥೆಯೊಂದನ್ನು ಹೇಳಿದಳು. ಮಲೆನಾಡಿನ ಬಹು ಮನೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳಬರುವ ಕಥೆ ಅದು. ಒಬ್ಬನಿಗೆ ಹುಲಿಯಾಗುವ ಮಂತ್ರ ಗೊತ್ತಿದ್ದಿತು. ಹೆಂಡತಿಯು ತನ್ನ ಕಣ್ಣೆದುರಿಗೇ ಆ ರೂಪವನ್ನು ತೋರಿಸಬೇಕೆಂದು ಹಟ ಹಿಡಿದಳು. ಅವನು ಅವಳ ಕೈಗೆ ಮಂತ್ರಾಕ್ಷತೆಯನ್ನು ಕೊಟ್ಟು, ಹುಲಿಯಾಗಿ ನಿಂತ ಕೂಡಲೆ ಇದನ್ನು ಮೈಮೇಲೆ ಎರಚು, ಹೆದರಬೇಡ, ನಾನೇ ಅದು ಎಂದು ಹೇಳಿ ರೂಪವನ್ನು ಬದಲಿಸಿದನು. ಅಂಗಳದಲ್ಲಿ ಹುಲಿ ನಿಂತಿತು. ಅವಳು ಕಿರಿಚಿ ಒಳಗೆ ಓಡಿ ಬಾಗಿಲ ಅಗಳಿ ಹಾಕಿದಳು. ಅಕ್ಷತೆ ಹೊಸಿಲಿನ ಮೇಲೆ ಚೆಲ್ಲಿಹೋಯಿತು. ಗಂಡನು ಹುಲಿಯಾಗಿಯೇ ಕಾಡಿಗೆ ಹೋದನು. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಉಳಿದುದನ್ನು ಆಮೇಲೆ ಹೇಳುತ್ತೇನೆ.

ಅಜ್ಜಿಯ ಪ್ರಶ್ನೆಯಲ್ಲಿದ್ದ ವಿಮರ್ಶೆಯ ತೂಕ ನನಗೆ ತಿಳಿದುದು ಈ ಮರುಓದಿನಲ್ಲಿಯೇ. ತೋಳವು ನಮ್ಮ ಘಟ್ಟದ ಪ್ರಾಣಿಯಲ್ಲ, ಮೂಡಣ ಬಯಲುಸೀಮೆಯದು. ನಮ್ಮ ಕಾಡಿನಲ್ಲಿರುವುದು ಹುಲಿ, ಚಿರತೆ, ಕೆನ್ನಾಯಿ. ಅವುಗಳಲ್ಲಿ ಹುಲಿಯೊಡನೆ ನಮ್ಮವರಿಗಿದ್ದ ಸಂಬಂಧವು ಭಯದ್ದು, ಭಕ್ತಿಯದು, ಲೆಕ್ಕಾಚಾರದ್ದೂ ಹೌದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಸೊಪ್ಪಿನ ಬೆಟ್ಟದ ಬುಡದಲ್ಲಿಯೋ ದಾರಿ ಕವಲೊಡೆಯುವಲ್ಲಿಯೋ ಹುಲಿದೇವರ ಕಲ್ಲು ಇರುತ್ತದೆ. ದೀಪಾವಳಿಯಲ್ಲಿ ದನಕರುಗಳಿಗೆ ಪೂಜೆಯಾಗುವಾಗ ಹುಲಿಯಪ್ಪನಿಗೂ ಕಾಯಿ ಒಡೆಯುತ್ತಾರೆ. ಕೊಟ್ಟಿಗೆಯಲ್ಲಿ ಬೆಳೆದ ಕರುವಿಗೂ ಅದನ್ನು ತಿನ್ನಬಲ್ಲ ಮೃಗಕ್ಕೂ ಒಂದೇ ಹಬ್ಬದಲ್ಲಿ ನಮಸ್ಕಾರ ಸಲ್ಲಿಸುವ ಈ ಪದ್ಧತಿಯ ಹಿಂದೆ, ಕಾಡೆಂಬುದು ಕೊಡುವುದನ್ನೂ ಕೊಳ್ಳುವುದನ್ನೂ ಬಲ್ಲದ್ದು ಎಂಬ ದೀರ್ಘಾನುಭವವಿದೆ. ಮರ್ಸಿ ಫಾಲ್ಸಿನ ಕಾಡಿಗೆ, ಕನಿಷ್ಠಪಕ್ಷ ಮೊದಲ ಸಂಪುಟದಲ್ಲಿ, ಅಂಥ ಲೆಕ್ಕವಿಲ್ಲ. ಅದು ಬಿಳಿಯ ಭೂರ್ಜವೃಕ್ಷಗಳ ರಮ್ಯವಾದ ಹಿನ್ನೆಲೆ. ಸ್ಯಾಮನು ತೋಳನಾಗಿರುವ ತಿಂಗಳುಗಳಲ್ಲಿ ಹಸಿಯುವುದನ್ನೂ ಬೇಟೆಯಾಡುವುದನ್ನೂ ಲೇಖಕಿ ಎರಡು ಮೂರು ವಾಕ್ಯಗಳಲ್ಲಿ ದಾಟಿಸಿಬಿಡುತ್ತಾಳೆ. ಅವನ ತೋಳತನವೆಲ್ಲ ಕಣ್ಣಿನಲ್ಲಿ ಬಂದು ನೆಲೆಸಿ, ಹಲ್ಲು ಇಲ್ಲದಂತಾಗುತ್ತದೆ. ಪ್ರಿಯನು ಮೃಗವಾಗುತ್ತಾನೆಂಬುದೇ ಕಥೆಯ ಆಧಾರವಾಗಿರುವಲ್ಲಿ ಆ ಮೃಗವನ್ನು ಇಷ್ಟು ಸಾಧುಗೊಳಿಸಿದುದು ಅಲ್ಪದೋಷವಲ್ಲ. ಮೂರನೆಯ ಸಂಪುಟದಲ್ಲಿ, ಊರಿನ ಶ್ರೀಮಂತ ವಕೀಲನೊಬ್ಬನು ಹೆಲಿಕಾಪ್ಟರಿನಿಂದ ತೋಳಗಳನ್ನು ಕೊಲ್ಲಿಸುವ ಹಂಚಿಕೆ ಹೂಡಿದಾಗ, ಈ ಮರೆತ ಲೆಕ್ಕವೆಲ್ಲ ಒಮ್ಮೆಲೆ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಅದನ್ನು ತಡೆಹಿಡಿದಿದ್ದೇಕೆ ಎಂದು ಓದುಗನಿಗೆ ಅನಿಸದಿರದು.

ಆದರೆ ಇದೇ ತಕ್ಕಡಿಯಲ್ಲಿ ಮತ್ತೊಂದನ್ನು ತೂಗಿದಾಗ ಸರಣಿಯ ಕಡೆಯ ತಟ್ಟೆ ಭಾರವಾಗಿ ಇಳಿಯಿತು. ರೂಪ ಬದಲಿಸುವ ಪ್ರಿಯನ ಕಥೆಗಳಲ್ಲಿ ನಿಜವಾದ ಪ್ರಶ್ನೆಯು ಮೃಗದ್ದಲ್ಲ, ಅವನನ್ನು ಗುರುತಿಸಬೇಕಾದವಳದ್ದು: ಅವಳಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು, ಯಾರು ಹೇಳಿದರು, ಯಾರು ಮುಚ್ಚಿಟ್ಟರು.

ಈ ಮಾತಿಗೆ ನಮ್ಮಲ್ಲಿಯ ಅತ್ಯುತ್ತಮ ನಿದರ್ಶನವು ಗಿರೀಶ ಕಾರ್ನಾಡರ 'ನಾಗಮಂಡಲ'. ತಂದೆ ವೈದ್ಯರಾಗಿದ್ದ ಶಿರಸಿಯಲ್ಲಿ, ವಿದ್ಯುದ್ದೀಪ ಬಾರದ ಕಾಲದಲ್ಲಿ, ಯಕ್ಷಗಾನವನ್ನೂ ಕಂಪನಿ ನಾಟಕಗಳನ್ನೂ ನೋಡುತ್ತ ಕಥೆ ಕೇಳುತ್ತ ಬೆಳೆದ ಕಾರ್ನಾಡರು, ಮುಂದೆ ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆಯನ್ನು ಆಧರಿಸಿ 1988ರಲ್ಲಿ ಈ ನಾಟಕವನ್ನು ರಚಿಸಿದರು. ಅದರ ಇಂಗ್ಲಿಷ್ ರೂಪವು 1993ರಲ್ಲಿ ಮಿನ್ನಿಯಾಪೊಲಿಸ್ ನಗರದ ಗತ್ರಿ ರಂಗಮಂದಿರದಲ್ಲಿ ಪ್ರಯೋಗವಾಯಿತು. ಮಿನ್ನಿಯಾಪೊಲಿಸ್ ಇರುವುದು ಮಿನ್ನೆಸೋಟಾದಲ್ಲಿ. ಮರ್ಸಿ ಫಾಲ್ಸನ್ನು ಸ್ಟೀಫ್‌ವಾಟರ್ ನೆಲೆಗೊಳಿಸಿದುದೂ ಅದೇ ಸಂಸ್ಥಾನದಲ್ಲಿ. ನಮ್ಮ ನಾಗನು ಆ ಹಿಮದ ನಾಡಿಗೆ ಹೋಗಿ ಹದಿನಾರು ವರ್ಷಗಳ ಮೇಲೆ ಅಲ್ಲಿಯ ತೋಳನೊಬ್ಬನು ಪುಸ್ತಕವಾಗಿ ಹುಟ್ಟಿ, ಎರಡೇ ವರ್ಷಗಳಲ್ಲಿ ನಮ್ಮ ಅಡಿಕೆ ಸುಲಿಯುವ ಜಗಲಿಗೆ ಬಂದನೆಂಬುದನ್ನು ನೆನೆದರೆ ನನಗೆ ಹರ್ಷವಾಗುತ್ತದೆ.

ನಾಟಕದಲ್ಲಿ ಅಪ್ಪಣ್ಣನು ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾನೆ. ಗಂಡನನ್ನು ಒಲಿಸಲೆಂದು ಕೊಟ್ಟ ಬೇರನ್ನು ಬೆರೆಸಿದ ಸಾರು ಹುತ್ತದೊಳಕ್ಕೆ ಬಿದ್ದು, ಅದನ್ನು ಕುಡಿದ ನಾಗನು ಅವಳಲ್ಲಿ ಮೋಹಗೊಂಡು, ಅಪ್ಪಣ್ಣನ ರೂಪ ತಾಳಿ ರಾತ್ರಿ ರಾತ್ರಿ ಬರುತ್ತಾನೆ. ಹಗಲಿನ ಗಂಡನ ಕ್ರೌರ್ಯಕ್ಕೂ ಇರುಳಿನ ಗಂಡನ ಅಕ್ಕರೆಗೂ ಹೊಂದಿಕೆ ಕಾಣದ ರಾಣಿ ಕೇಳತೊಡಗಿದರೆ, ಕೇಳಬಾರದೆಂದು ನಾಗನು ವಿಧಿಸುತ್ತಾನೆ. ಹದಿಹರೆಯದಲ್ಲಿ ನನಗೆ ನಾಗನ ಪ್ರೇಮವೇ ಎಲ್ಲವೂ ಆಗಿದ್ದಿತು. ಈಗ ಓದಿದಾಗ, ಬಾಗಿಲಿಗೆ ಬೀಗ ಹಾಕಿದವನೊಬ್ಬ, ಬಾಯಿಗೆ ಬೀಗ ಹಾಕಿದವನೊಬ್ಬ ಎಂದು ಕಂಡು ಮೈ ಕುಗ್ಗಿತು. ನಾಗನ ಒಲುಮೆ ದೊಡ್ಡದಿರಬಹುದು, ಅವನು ಕೊನೆಗೆ ಅವಳಿಗಾಗಿ ಪ್ರಾಣವನ್ನೇ ಕೊಡಬಹುದು. ಆದರೆ ತಾನು ಯಾರೆಂಬುದನ್ನು ಅವಳಿಗೆ ಅವನು ಹೇಳಲಿಲ್ಲ. ಹುತ್ತದಲ್ಲಿ ಕೈಯಿಟ್ಟು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿದವಳಲ್ಲವೆಂದು ರಾಣಿ ಆಣೆಯಿಟ್ಟಾಗ ಅವಳಾಡಿದುದು ಅಕ್ಷರಶಃ ಸತ್ಯ. ಆ ಸತ್ಯದ ಅರ್ಥ ಸಭೆಗೂ ಗೊತ್ತಿಲ್ಲ, ಅವಳಿಗೂ ಇನ್ನೂ ಗೊತ್ತಿಲ್ಲ. ಮುಂದೆ ಗೊತ್ತಾದ ಮೇಲೆ ಅವಳು ಕಿರಿಚುವುದಿಲ್ಲ. ನಾಟಕದ ಹಲವು ಅಂತ್ಯಗಳಲ್ಲಿ ಕೊನೆಯದರಲ್ಲಿ ನಾಗನಿಗೆ ತನ್ನ ತುರುಬಿನಲ್ಲಿ ಮನೆ ಮಾಡಿಕೊಡುತ್ತಾಳೆ. ಕನ್ನಡದಲ್ಲಿ ಗುರುತಿಸುವಿಕೆಯ ಇಷ್ಟು ಮೌನವಾದ, ಇಷ್ಟು ಪ್ರಬಲವಾದ ಚಿತ್ರ ನನಗೆ ಬೇರೆ ತಿಳಿಯದು.

ಇದಕ್ಕೆ ತೀರ ಇದಿರಾದ ಕಥೆ ಶಿರಸಿಯ ನಡುಬೀದಿಯಲ್ಲಿಯೇ ಇದೆ. ಎರಡು ವರ್ಷಗಳಿಗೊಮ್ಮೆ ಫಾಲ್ಗುಣದಲ್ಲಿ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಮೊದಲ ದಿನ ದೇವಿಗೆ ಕಲ್ಯಾಣವಾಗುತ್ತದೆ. ಬಿಡಕಿಬೈಲಿನ ಗದ್ದುಗೆಯ ಮೇಲೆ ಅವಳು ಕುಳಿತಿರುತ್ತಾಳೆ. ಕೊನೆಯ ದಿನ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಮಾರಿಯ ಐತಿಹ್ಯವನ್ನು ನಾಡಿನಲ್ಲೆಲ್ಲ ಹೇಳುತ್ತಾರೆ: ಕುಲವನ್ನು ಮರೆಮಾಚಿ ಮದುವೆಯಾದವನ ನಿಜವು ಹೊರಬಿದ್ದಾಗ ಹೆಂಡತಿ ಉಗ್ರರೂಪ ತಾಳಿದಳು, ಅವನು ಕೋಣದೊಳಗೆ ಅಡಗಿದನು. ಈ ಕಥೆಯೊಳಗೆ ಜಾತಿಯ ದ್ವೇಷವು ಸೇರಿಕೊಂಡಿದೆ, ಅದನ್ನು ಒಪ್ಪತಕ್ಕುದಲ್ಲ. ಕೋಣನ ಬಲಿಯೂ 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಿಂದ ನಿಂತಿತು. ಆದರೆ ಆ ದ್ವೇಷವನ್ನು ಕಳೆದು ನೋಡಿದರೂ ಉಳಿಯುವುದೊಂದಿದೆ. ತನಗೆ ಹೇಳಬೇಕಾದುದನ್ನು ಹೇಳದೆ ತನ್ನ ಜೀವನವನ್ನು ಪಡೆದುಕೊಂಡರೆಂಬ ಹೆಣ್ಣಿನ ಸಿಟ್ಟು, ಊರೇ ಕೈಮುಗಿದು ನಿಲ್ಲಬೇಕಾದಷ್ಟು ದೊಡ್ಡದು ಎಂದು ಈ ಊರು ನೂರಾರು ವರ್ಷಗಳಿಂದ ನಂಬಿಕೊಂಡು ಬಂದಿದೆ.

ರಾಣಿಯ ಮೌನವನ್ನೂ ಮಾರಿಯ ಬೆಂಕಿಯನ್ನೂ ಎರಡು ಪಕ್ಕಗಳಲ್ಲಿ ಇಟ್ಟುಕೊಂಡು ಗ್ರೇಸಳ ಕಡೆಗೆ ತಿರುಗಿದಾಗ, ಮೊದಲ ಓದಿನಲ್ಲಿ ಕಾಣದ ಒಂದು ಸದ್ಗುಣ ಎದ್ದು ಕಂಡಿತು. ಗುಂಡೇಟು ತಿಂದು ಮನುಷ್ಯನಾಗಿ ತನ್ನ ಮನೆಯ ಹಿಂಬದಿಯಲ್ಲಿ ಬಿದ್ದ ಹುಡುಗನನ್ನು ಗ್ರೇಸ್ ಮೊದಲ ನೋಟಕ್ಕೇ, ಕಣ್ಣಿನ ಬಣ್ಣವನ್ನು ಕಂಡೇ, ಆ ತೋಳನೆಂದು ಗುರುತಿಸುತ್ತಾಳೆ. ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅವನೂ ಮುಚ್ಚಿಡುವುದಿಲ್ಲ. ಪ್ರೇಮವು ಅಲ್ಲಿಂದ ಮುಂದಕ್ಕೆ ಬೆಳೆಯುತ್ತದೆಯೇ ಹೊರತು ಅಜ್ಞಾನದ ಮೇಲೆ ಅಲ್ಲ. ಹುಲಿಯ ಹೆಂಡತಿಗೆ, ಮುಂಚೆಯೇ ತಿಳಿಸಿದ್ದರೂ, ಆಗದೆ ಹೋದ ಕೆಲಸವನ್ನು ಈ ಹುಡುಗಿ ಮಾಡುತ್ತಾಳೆ, ಏಕೆಂದರೆ ಅವಳು ಮೊದಲು ಪ್ರೀತಿಸಿದುದು ಮೃಗವನ್ನು. ಮನುಷ್ಯನು ಆಮೇಲೆ ಬಂದನು. ಜಗತ್ತಿನ ಹೆಚ್ಚಿನ ರೂಪಾಂತರದ ಕಥೆಗಳ ಕ್ರಮವನ್ನೇ ತಿರುಗಿಸಿದ ಈ ಒಂದು ಯೋಚನೆಗಾಗಿ 'ಶಿವರ್' ಎಂಬ ಪುಸ್ತಕಕ್ಕೆ ಹದಿಹರೆಯದವರ ಕಪಾಟಿನಾಚೆಗೂ ಸ್ಥಾನವಿರಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಮರೆಮಾಚಿದ ಸತ್ಯವು ಈ ಸರಣಿಯಲ್ಲಿ ಇಲ್ಲವೆಂದಲ್ಲ. ಅದು ಪ್ರೇಮಿಗಳ ನಡುವೆ ಇಲ್ಲದೆ, ತಂದೆ ಮಗನ ನಡುವೆ ಇದೆ. ಏಳು ವರ್ಷದ ಸ್ಯಾಮನನ್ನು ತೋಳ ಕಚ್ಚಿದ ಮೇಲೆ, ಮಗನಲ್ಲಿ ಪಿಶಾಚಿಯನ್ನೇ ಕಂಡ ಹೆತ್ತವರು ಸ್ನಾನದ ತೊಟ್ಟಿಯಲ್ಲಿ ಅವನ ಮಣಿಕಟ್ಟುಗಳನ್ನು ಕೊಯ್ದರು. ಆಗ ಅವನನ್ನು ತನ್ನವನನ್ನಾಗಿ ಸಾಕಿ, ಓದು ಕಲಿಸಿ, ತಂದೆಯಾದವನು ಹಿಂಡಿನ ಹಿರಿಯನಾದ ಬೆಕ್. ಆ ಬೆಕ್ ತಾನೇ ಬುದ್ಧಿಪೂರ್ವಕವಾಗಿ ಈ ಮಗುವನ್ನು ತೋಳನಾಗಿಸಲು ಆರಿಸಿದ್ದನೆಂಬುದು ಸರಣಿ ಮುಗಿಯುವ ಮುನ್ನ ಹೊರಬೀಳುತ್ತದೆ. ಹದಿನೇಳರಲ್ಲಿ ಈ ಪುಟಗಳನ್ನು ನಾನು ಹೇಗೆ ಓದಿದೆನೋ ನೆನಪಿಲ್ಲ. ಈಗ ಅಲ್ಲಿ ಪುಸ್ತಕವನ್ನು ಮಡಚಿ, ಮಳೆ ನೋಡುತ್ತ ಬಹಳ ಹೊತ್ತು ಕುಳಿತೆನು. ಸಾಕಿದ ಕೈಯೇ ಕೆಡಿಸಿದ ಕೈಯೂ ಹೌದೆಂದು ತಿಳಿದ ಮೇಲೆ ಆ ಮಗನು ಪ್ರೀತಿಯನ್ನು ಎಲ್ಲಿ ಇಡಬೇಕು? ಲೇಖಕಿ ಇದಕ್ಕೆ ಸುಲಭವಾದ ಕ್ಷಮೆಯನ್ನಾಗಲಿ ಸುಲಭವಾದ ತಿರಸ್ಕಾರವನ್ನಾಗಲಿ ಸ್ಯಾಮನ ಬಾಯಿಗೆ ಹಾಕುವುದಿಲ್ಲ. ಮೂರು ಸಂಪುಟಗಳಲ್ಲಿ ಪ್ರೌಢ ಓದುಗನು ಕೈಮುಗಿಯಬೇಕಾದ ಸ್ಥಳ ಇದು.

ನಡುವಣ 'ಲಿಂಗರ್' ಸಡಿಲವಾದ ಕೃತಿ. ಸ್ಯಾಮ್ ಗುಣಹೊಂದಿದನು, ಗ್ರೇಸ್ ಕಾಯಿಲೆ ಬಿದ್ದಳು ಎಂಬಿಷ್ಟನ್ನು ಹೇಳುವುದಕ್ಕೆ ನೂರಾರು ಪುಟಗಳು ವ್ಯಯವಾಗುತ್ತವೆ. ಮಗಳನ್ನು ವರ್ಷಗಟ್ಟಲೆ ಮರೆತಿದ್ದ ತಂದೆತಾಯಿಗಳು ಒಮ್ಮೆಲೆ ಕಾವಲಿಗೆ ನಿಲ್ಲುವುದು ಕಥೆಯ ಅನುಕೂಲಕ್ಕಾಗಿಯೇ ಹೊರತು ಅವರ ಸ್ವಭಾವದಿಂದಲ್ಲ. ಆ ಸಂಪುಟವನ್ನು ಉಳಿಸುವವರು ಹೊಸದಾಗಿ ಮಾತಾಡತೊಡಗುವ ಇಬ್ಬರು. ಮನುಷ್ಯನಾಗಿರುವುದೇ ಬೇಡವೆಂದು ತೋಳತನವನ್ನು ತಾನಾಗಿ ಬಯಸಿ ಬಂದ ಕೋಲ್ ಎಂಬ ಹಾಡುಗಾರ ಒಬ್ಬ. ಒಡಹುಟ್ಟಿದವನನ್ನು ತೋಳತನದಿಂದ ಗುಣಪಡಿಸಲೆಂದು ಮಿದುಳಿನ ಜ್ವರದ ಸೋಂಕನ್ನು ಅವನ ಮೈಗೆ ಹಾಕಿಸಿ, ಅದೇ ಮದ್ದಿನಿಂದ ಸ್ಯಾಮ್ ಬದುಕಿದರೂ ಒಡಹುಟ್ಟಿದವನು ಸತ್ತುದನ್ನು ಕಣ್ಣಾರೆ ಕಂಡ ಇಸಬೆಲ್ ಎಂಬ ಹುಡುಗಿ ಇನ್ನೊಬ್ಬಳು. ಮೊದಲ ಓದಿನಲ್ಲಿ ಇಸಬೆಲಳ ಒರಟುತನ ನನಗೆ ಸೇರಿರಲಿಲ್ಲ. ಈಗ ಅವಳ ಒಂದೊಂದು ಬಿರುನುಡಿಯ ಹಿಂದೆಯೂ ತನ್ನ ಕೈಯಿಂದಾದ ಸಾವು ನಿಂತಿರುವುದು ಕಾಣುತ್ತದೆ, ಸ್ಯಾಮನ ಮೃದುವಾದ ಕವಿತೆಗಳಿಗಿಂತ ಅವಳ ಮೌನಗಳು ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತವೆ. ಇವರಿಬ್ಬರನ್ನೇ ಕುರಿತು 2014ರಲ್ಲಿ 'ಸಿನ್ನರ್' ಎಂಬ ಮತ್ತೊಂದು ಕಾದಂಬರಿ ಬಂದಿತು. ಕಾಡನ್ನು ಬಿಟ್ಟು ಲಾಸ್ ಏಂಜಲಿಸಿಗೆ ಹೋದ ಆ ಕಥೆಗೆ ಇಲ್ಲಿಯ ಚಳಿಯಿಲ್ಲ.

'ಫಾರೆವರ್' ಮುಗಿಯುವಾಗ ಗ್ರೇಸಳ ಮುಂದಿನ ಚಳಿಗಾಲಗಳು ಏನಾಗುವುವೆಂಬುದನ್ನು ಲೇಖಕಿ ಖಚಿತಪಡಿಸುವುದಿಲ್ಲ. ಸರಣಿಯ ಆರಂಭದಲ್ಲಿ ಹಿತ್ತಿಲಿನಂಚಿನಲ್ಲಿ ಕಾಯುತ್ತಿದ್ದವಳು ತಾನೇ ಕಾಡಿಗೆ ಸೇರಿ, ಕಾಡಿನಲ್ಲಿದ್ದವನು ಕಿಟಕಿಯ ಬಳಿ ಕಾಯುವವನಾಗಿದ್ದನಷ್ಟೆ. ಈ ಅದಲುಬದಲಿನ ನಂತರ ಸುಖಾಂತದ ಮುದ್ರೆಯೊತ್ತುವುದು ಅಸತ್ಯವಾಗುತ್ತಿದ್ದಿತು. ಆಗ ನನಗೆ ಈ ಅಂತ್ಯದ ಮೇಲೆ ಕೋಪ ಬಂದು ಪುಸ್ತಕವನ್ನು ಪೆಟ್ಟಿಗೆಗೆ ಹಾಕಿದ್ದೆನು. ಈಗ ಅದು ಸರಿಯೆಂದು ತೋರುವುದಕ್ಕೆ ಅಜ್ಜಿಯ ಕಥೆಯ ಉಳಿದ ಭಾಗವೇ ಕಾರಣ.

ಗಂಡನು ಕಾಡಿಗೆ ಹೋದ ಮರುದಿನದಿಂದ ಆ ಹೆಂಡತಿಯು ಚೆಲ್ಲಿದ ಅಕ್ಷತೆಯನ್ನು ಒಂದೊಂದೇ ಕಾಳಾಗಿ ಆಯ್ದಿಟ್ಟುಕೊಂಡು, ಮುಸ್ಸಂಜೆಯಾದರೆ ದಣಪೆಯ ತನಕ ಹೋಗಿ, ದೀಪವನ್ನು ಕೆಳಗಿಟ್ಟು, ಕಾಡಿನ ಕಡೆ ಮೋರೆ ಮಾಡಿ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳಂತೆ. ಗಂಡನ ಹೆಸರನ್ನು ಹೆಂಡತಿ ನಾಲಗೆಯ ಮೇಲೆ ತಾರದಿದ್ದ ಕಾಲ ಅದು. ಹುಲಿ ಬಂದು ಬಿದಿರುಮಟ್ಟಿಯ ಮರೆಯಲ್ಲಿ ನಿಂತು ಕೇಳಿಕೊಂಡು ಹೋಗುತ್ತಿದ್ದಿತಂತೆ. ಆ ಮನೆಯ ಕರುವನ್ನು ಮಾತ್ರ ಎಂದೂ ಮುಟ್ಟಲಿಲ್ಲವಂತೆ. ಅವನ ಹೆಸರೇನೆಂದು ನಾನು ಕೇಳಿದೆನು. ಅಜ್ಜಿ ಹೇಳಲಿಲ್ಲ. ಅಜ್ಜನ ಹೆಸರನ್ನು ತನ್ನ ಬಾಯಿಂದ ಒಮ್ಮೆಯೂ ಹೇಳದೆ ಬಾಳಿದವಳು ಅವಳು. ಬುಟ್ಟಿಯಿಂದ ಇನ್ನೊಂದು ಅಡಿಕೆಯನ್ನು ತೆಗೆದು ಮೆಟ್ಟುಗತ್ತಿಗೆ ಒತ್ತಿದಳು.